ಸೊಂಟದುದ್ದದ ಜಡೆ, ಐದು ಗಂಟೆಯ ಅಲಾರಂ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳಗಿನ ಹೊತ್ತಿನ ಗೋಳು. ಅದರಲ್ಲೂ ತಲೆಗೂದಲಿನದು. ನನಗೇನೂ ಇದು ಹೊಸ ವಿಷಯ ಅಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ 19 ವರ್ಷ ಬೆಳಗಿನ ಪಾಳಿ ಮಾಡಿದವಳು ನಾನು. ಆರು ಗಂಟೆಗೆ ವಾರ್ಡಿಗೆ ಹೋಗಿ ರಕ್ತ ತೆಗೆಯಬೇಕು. ಅಷ್ಟರೊಳಗೆ ಸೊಂಟ ದಾಟಿದ ಜಡೆ ಟೋಪಿಯೊಳಗೆ ಸೇರಿರಬೇಕು. ಹಾಗಾಗಿ ಮಕ್ಕಳ ಓದು, ಪಕ್ಕದ ಮನೆಯ ಜಗಳ ಎಲ್ಲ ಮುಂದಿನ ತಿಂಗಳಿಗೆ ಇಟ್ಟು, ಈ ಸಲ ಕೂದಲಿನ ಪತ್ರಗಳನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ. ಮನೆಯಲ್ಲಿ ಗಂಡ, ಅತ್ತೆ, ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು. 4.45ಕ್ಕೆ ಏಳುತ್ತೇನೆ, 7.15ಕ್ಕೆ ಕೆಲಸಕ್ಕೆ ಹೊರಡುತ್ತೇನೆ. ಕೂದಲು ಸೊಂಟದವರೆಗೆ ಇದೆ. ವಾರಕ್ಕೆ ಮೂರು ದಿನ ಬೆಳಿಗ್ಗೆಯೇ ತಲೆಸ್ನಾನ. ಒಣಗಿಸಲು ಪುರುಸೊತ್ತಿಲ್ಲ, ಒದ್ದೆಯಲ್ಲೇ ಗಂಟು ಹಾಕಿಕೊಂಡು ಓಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರ. ರಾತ್ರಿ ಬಿಚ್ಚಿದರೆ ಬರೀ ಸಿಕ್ಕು, ತುದಿಯೆಲ್ಲ ಸೀಳು. ಗಂಡ ‘ಕತ್ತರಿಸಿಬಿಡು, ಪೀಡೆ ಹೋಗಲಿ’ ಅನ್ನುತ್ತಾರೆ. ಅತ್ತೆ ‘ಇಷ್ಟು ವರ್ಷ ಬೆಳೆಸಿದ್ದನ್ನು ಯಾರಾದರೂ ಕತ್ತರಿಸುತ್ತಾರಾ’ ಅನ್ನುತ್ತಾರೆ. ನನಗೆ ಕತ್ತರಿಸಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಆಗುತ್ತಿಲ್ಲ. ಏನು ಮಾಡಲಿ ಮೇಡಂ?
– ಹೆಸರು ಬೇಡ

ಉತ್ತರ: ಕತ್ತರಿಯನ್ನು ಸ್ವಲ್ಪ ದಿನ ದೂರ ಇಡಿ. ಕತ್ತರಿಸುವುದು ಐದು ನಿಮಿಷದ ಕೆಲಸ, ಯಾವತ್ತು ಬೇಕಾದರೂ ಆಗುತ್ತದೆ. ಅದಕ್ಕೆ ಮುಂಚೆ ನೀವು ಬರೆದದ್ದನ್ನೇ ಇನ್ನೊಂದು ಸಲ ಓದಿ. ಗಂಡ ಏನಂದರು, ಅತ್ತೆ ಏನಂದರು, ಎರಡೂ ಇದೆ. ಆದರೆ 4.45ರಿಂದ 7.15ರವರೆಗೆ ಅವರಿಬ್ಬರು ಏನು ಮಾಡುತ್ತಿರುತ್ತಾರೆ ಅನ್ನುವುದು ಎಲ್ಲೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಒದ್ದೆ ಗಂಟಿನ ವಿಷಯ.

ನಾನೂ ಇದನ್ನೇ ಮಾಡುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಐದಕ್ಕೆ ತಲೆಗೆ ನೀರು ಹಾಕಿಕೊಂಡು, ಟವೆಲಿನಲ್ಲಿ ನಾಲ್ಕು ಸಲ ಹಿಂಡಿ, ತುರುಬು ಸುತ್ತಿ ಮೇಲೆ ಟೋಪಿ ಹಾಕಿದರೆ ಮುಗಿಯಿತು. ಒಂದು ದಿನ ಮಧ್ಯಾಹ್ನ ಬಿಡುವಿನಲ್ಲಿ ಟೋಪಿ ತೆಗೆದೆ. ಪಕ್ಕದಲ್ಲಿ ಕೂತಿದ್ದವಳು ‘ಯಾರೋ ಒದ್ದೆ ಬಟ್ಟೆ ಮಡಚಿಟ್ಟಿದ್ದಾರೆ ಕಣೇ, ಮುಗ್ಗಲು ವಾಸನೆ’ ಅಂದಳು. ಪಾಪ, ಎದ್ದು ಕಪಾಟನ್ನೆಲ್ಲ ತೆಗೆದು ಹುಡುಕಿದಳು. ನಾನು ಬಾಯಿ ಬಿಡಲಿಲ್ಲ. ವಾಸನೆ ನನ್ನ ತಲೆಯದು ಅಂತ ನನಗೆ ಆಗಲೇ ಗೊತ್ತಾಗಿತ್ತು.

ಉದ್ದ ಕೂದಲಿನ ತುರುಬು ಅಂದರೆ ಒದ್ದೆ ಕಂಬಳಿ ಸುತ್ತಿಟ್ಟ ಹಾಗೆ. ಮೇಲೆ ಮುಟ್ಟಿದರೆ ಒಣಗಿದೆ, ಒಳಗೆ ಸಂಜೆಯವರೆಗೂ ತೇವ. ಕೂದಲು ತನ್ನ ತೂಕದ ಹೆಚ್ಚುಕಮ್ಮಿ ಮೂರನೇ ಒಂದು ಪಾಲಿನಷ್ಟು ನೀರು ಹೀರಿಕೊಳ್ಳಬಲ್ಲದು. ಎಳೆಗಳ ನಡುವೆ ಸಿಕ್ಕಿದ ನೀರು ಬೇರೆ. ಅಷ್ಟನ್ನೂ ಬಿಗಿಯಾಗಿ ಸುತ್ತಿ ನೆತ್ತಿಯ ಮೇಲೆ ಹೊತ್ತರೆ ತಲೆ ಭಾರವಾಗದೆ ಇನ್ನೇನು? ಇನ್ನೊಂದು ವಿಷಯ. ನೀರು ತಾಗಿದಾಗ ಕೂದಲಿನ ಒಳಗಿನ ಸಣ್ಣ ಸಣ್ಣ ಬೆಸುಗೆಗಳು ಸಡಿಲವಾಗುತ್ತವೆ. ಶಾಲೆಯಲ್ಲಿ ಹೈಡ್ರೋಜನ್ ಬಂಧ ಅಂತ ಓದಿರುತ್ತೀರಲ್ಲ, ಅದೇ. ಒದ್ದೆ ಕೂದಲನ್ನು ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ, ಮಿತಿ ಮೀರಿ ಎಳೆದರೆ ಪೂರ್ತಿ ಮೊದಲಿನ ಹಾಗಾಗುವುದಿಲ್ಲ. ನೀವು ಗಂಟು ಹಾಕುವುದು, ರಬ್ಬರ್ ಬ್ಯಾಂಡ್ ಬಿಗಿಯುವುದು, ಎಲ್ಲ ಸರಿಯಾಗಿ ಆ ಹೊತ್ತಿನಲ್ಲೇ.

ತುದಿಯ ವಯಸ್ಸನ್ನೂ ಲೆಕ್ಕ ಹಾಕಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್, ವರ್ಷಕ್ಕೆ 15. ನಿಮ್ಮ ಜಡೆ 90 ಸೆಂಟಿಮೀಟರ್ ಇದ್ದರೆ ಅದರ ತುದಿಗೆ ಆರು ವರ್ಷ. ನಿಮ್ಮ ಮಗಳಿಗಿಂತ ಎರಡು ವರ್ಷ ದೊಡ್ಡದು! ಆರು ವರ್ಷದ ಬಿಸಿಲು, ಶಾಂಪೂ, ಬಾಚಣಿಗೆ ಎಲ್ಲ ಕಂಡಿದೆ ಅದು. ಬುಡವನ್ನು ತಿಕ್ಕಿದ ಹಾಗೆ ತುದಿಯನ್ನು ತಿಕ್ಕಿದರೆ ಹೇಗೆ ತಾಳುತ್ತದೆ? ಹಳೆಯ ರೇಷ್ಮೆ ಬಟ್ಟೆ ಒಗೆಯುವ ಹಾಗೆ ಒಗೆಯಬೇಕು.

ನಾನು ಮಾಡಿಕೊಂಡ ಬದಲಾವಣೆ ಒಂದೇ. ತಲೆಸ್ನಾನವನ್ನು ಬೆಳಗಿನಿಂದ ಕಿತ್ತು ಸಂಜೆಗೆ ಹಾಕಿದೆ. ವಾರಕ್ಕೆ ಎರಡು ಸಂಜೆ. ನಿಮ್ಮ ನೆತ್ತಿ ಬೇಗ ಜಿಡ್ಡಾಗುತ್ತದೆ ಅಂದರೆ ಮೂರು ಇರಲಿ. ನೀರು ಹಾಕುವ ಮುಂಚೆ, ಒಣಗಿರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿಬಿಡಿ. ಅರ್ಧ ಗಂಟೆ ಮೊದಲು ಉದ್ದಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಒಳ್ಳೆಯದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹಚ್ಚಿ ನೋಡಿದ್ದರು. ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಶಾಂಪೂ ನೆತ್ತಿಗೆ ಮಾತ್ರ. ನೊರೆ ಇಳಿದು ಹೋಗುವಾಗ ತುದಿಗೆ ಅಷ್ಟೇ ಸಾಕು. ಕಂಡೀಷನರ್ ಇದಕ್ಕೆ ಉಲ್ಟಾ, ಕಿವಿಯಿಂದ ಕೆಳಗೆ. ಆಮೇಲೆ ಟವೆಲಿನಲ್ಲಿ ಉಜ್ಜಬೇಡಿ. ಹಳೆಯ ಹತ್ತಿ ಟೀ ಶರ್ಟಿನಲ್ಲಿ ಹಿಡಿದು ಒತ್ತಿ, ಬಿಡಿ, ಒತ್ತಿ, ಬಿಡಿ.

ಒದ್ದೆ ತಲೆಯಲ್ಲಿ ಮಾತ್ರ ಮಲಗಬೇಡಿ. ಹಾಗೆ ಮಾಡಿದರೆ ಬೆಳಗಿನ ತಪ್ಪನ್ನು ರಾತ್ರಿಗೆ ಸಾಗಿಸಿದ ಹಾಗೆ, ಅಷ್ಟೇ. ಊಟಕ್ಕೆ ಮುಂಚೆ ತೊಳೆದರೆ ಮಲಗುವಷ್ಟರಲ್ಲಿ ಮುಕ್ಕಾಲು ಭಾಗ ಒಣಗಿರುತ್ತದೆ. ಉಳಿದದ್ದಕ್ಕೆ ಹೇರ್ ಡ್ರೈಯರ್. ಡ್ರೈಯರ್ ಅಂದ ಕೂಡಲೇ ಬೆಚ್ಚಿ ಬೀಳುವವರು ಇದ್ದಾರೆ. 2011ರಲ್ಲಿ ಕೊರಿಯಾದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿದರು. ಬಿಸಿ ಜಾಸ್ತಿಯಾದಷ್ಟೂ ಕೂದಲಿನ ಮೇಲ್ಪದರ ಹಾಳಾಗಿತ್ತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ತಾನಾಗಿ ನಿಧಾನಕ್ಕೆ ಒಣಗಿದ ಕೂದಲಿನಲ್ಲಿ ಪದರಗಳನ್ನು ಅಂಟಿಸುವ ಒಳಭಾಗ ಊದಿಕೊಂಡಿತ್ತು. ತುಂಬ ಹೊತ್ತು ನೀರು ಒಳಗೆ ನಿಂತರೂ ಕೇಡೇ. ಡ್ರೈಯರನ್ನು 15 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಒಣಗಿಸಿದರೆ ಪರವಾಗಿಲ್ಲ ಅನ್ನುವುದು ಅವರು ಕಂಡುಕೊಂಡದ್ದು. ಒಣಗಿದ ಮೇಲೆ ಸಡಿಲವಾಗಿ ಒಂದು ಜಡೆ ಹೆಣೆದು ಮಲಗಿ. ಬೆಳಿಗ್ಗೆ ಬಿಚ್ಚುವುದೇ ಬೇಡ. ಮುಂದೆ ಕೆದರಿದ್ದನ್ನು ಒದ್ದೆ ಕೈಯಲ್ಲಿ ಸವರಿ, ಅದೇ ಜಡೆಯನ್ನು ಸುತ್ತಿ ಎರಡು ಪಿನ್ ಸಿಕ್ಕಿಸಿದರೆ ಆಯಿತು.

ನಾನು ಬದಲಾಯಿಸುವ ಮುಂಚೆ ಒಂದು ವಾರ ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿದ್ದೆ. ಲ್ಯಾಬಿನವರ ಚಟ ಅದು, ಎಲ್ಲವನ್ನೂ ಅಳೆಯುವುದು. ತಲೆಸ್ನಾನ 11 ನಿಮಿಷ, ಹಿಂಡಿ ಸಿಕ್ಕು ಬಿಡಿಸಲು 17, ತುರುಬಿಗೆ 6, ಕ್ಲಿಪ್ ಹುಡುಕಲು 4. ಕ್ಲಿಪ್ ಹುಡುಕಲು ನಾಲ್ಕು ನಿಮಿಷ, ದಿನಾ! ಒಟ್ಟು 38. ಸಂಜೆಗೆ ಬದಲಾಯಿಸಿದ ಮೇಲೆ ಬೆಳಿಗ್ಗೆ ಉಳಿದದ್ದು 5. ಕ್ಲಿಪ್‌ಗಳಿಗೆ ಕನ್ನಡಿಯ ಪಕ್ಕ ಒಂದು ಡಬ್ಬಿ ಇಟ್ಟೆ. ಅದರಿಂದ ಬೇರೆ ಯಾರೂ ತೆಗೆಯಬಾರದು ಅಂತ ಕಟ್ಟಪ್ಪಣೆ.

ಈಗ ಗಂಡ, ಅತ್ತೆ. ಸಂಜೆ ತಲೆಗೆ ನೀರು ಹಾಕಿಕೊಂಡರೆ ಆ ಒಂದು ಗಂಟೆ ಯಾರದೋ ಪಾಲಿನಿಂದ ಬರಬೇಕಲ್ಲ? ನಿಮ್ಮ ನಿದ್ದೆಯಿಂದ ಬರಕೂಡದು. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಸಂಘಗಳು 2015ರಲ್ಲಿ ಹೇಳಿವೆ. 4.45ರಿಂದ ಹಿಂದಕ್ಕೆ ಎಣಿಸಿ. 9.45ಕ್ಕೆ ನೀವು ನಿದ್ದೆಯಲ್ಲಿರಬೇಕು, ಪಾತ್ರೆ ತೊಳೆಯುವಲ್ಲಿ ಅಲ್ಲ. ಹಾಗಾಗಿ ಆ ಎರಡು ಸಂಜೆ ಮಕ್ಕಳ ಓದು, ಊಟ, ಮಲಗಿಸುವುದು ಎಲ್ಲ ಅವರಪ್ಪನದು. ಬೆಳಿಗ್ಗೆಯೂ ಒಂದು ಕೆಲಸ ಪೂರ್ತಿ ಬಿಟ್ಟುಕೊಡಿ. ‘ಸ್ವಲ್ಪ ಸಹಾಯ ಮಾಡಿ’ ಅಂತ ಕೇಳಬೇಡಿ. ಸಹಾಯ ಅಂದರೆ ಕೆಲಸ ಇನ್ನೂ ನಿಮ್ಮದೇ ಅಂತ ಅರ್ಥ. ಮಗನನ್ನು ಎಬ್ಬಿಸುವುದರಿಂದ ಹಿಡಿದು ಶೂ ಲೇಸ್ ಕಟ್ಟುವವರೆಗೆ ಅವರದು, ನೀವು ತಿರುಗಿಯೂ ನೋಡುವುದಿಲ್ಲ. ನಮ್ಮ ಮನೆಯವರು ಮೊದಲ ವಾರ ಮಗನಿಗೆ ಒಂದು ಕಾಲಿಗೆ ಬಿಳಿ, ಇನ್ನೊಂದಕ್ಕೆ ನೀಲಿ ಸಾಕ್ಸ್ ಹಾಕಿ ಕಳಿಸಿದ್ದರು. ನಾನು ನಾಲಿಗೆ ಕಚ್ಚಿ ಹಿಡಿದುಕೊಂಡೆ. ಸುಲಭ ಅಲ್ಲ, ಗೊತ್ತು. ಅತ್ತೆಗೆ ಆರೋಗ್ಯ ಚೆನ್ನಾಗಿದ್ದರೆ ಅವರ ಜೊತೆಗೂ ಮಾತಾಡಿ. ನಿಮ್ಮ ಜಡೆ ಉಳಿಯಬೇಕು ಅಂತ ಅವರಿಗೆ ಆಸೆ ಇದೆಯಲ್ಲ, ವಾರಕ್ಕೆ ಎರಡು ಸಂಜೆ ಕೂತು ಸಿಕ್ಕು ಬಿಡಿಸಿಕೊಡಲಿ. ತಮಾಷೆಗೆ ಹೇಳುತ್ತಿಲ್ಲ.

ಹೀಗೆ ಎರಡು ತಿಂಗಳು ನಡೆಸಿ. ಆಮೇಲೂ ಕತ್ತರಿಸಬೇಕು ಅನ್ನಿಸಿದರೆ ಧಾರಾಳವಾಗಿ ಕತ್ತರಿಸಿ. ಆಗ ಅದು ನಿಮಗೆ ಕೂದಲು ಸಾಕಾಗಿ ಮಾಡಿದ ತೀರ್ಮಾನ. ಈಗ ಕತ್ತರಿಸಿದರೆ ಉಳಿಯುವ 38 ನಿಮಿಷಕ್ಕೂ ಮನೆಯ ಇನ್ನೊಂದು ಕೆಲಸ ಬಂದು ಕೂತುಕೊಳ್ಳುತ್ತದೆ, ನೋಡುತ್ತಿರಿ.

ಪ್ರಶ್ನೆ: ಅಕ್ಕಾ, ಮಗುವಿಗೆ ನಾಲ್ಕು ತಿಂಗಳು. ಮುಂದಿನ ತಿಂಗಳು ಕೆಲಸಕ್ಕೆ ವಾಪಸ್ ಹೋಗಬೇಕು. ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತಿದೆ. ಬೋಳಾಗಿಬಿಡುತ್ತೇನಾ ಅಂತ ಭಯ. ಕೂದಲಿನ ಮಾತ್ರೆ ತೆಗೆದುಕೊಳ್ಳಲಾ?
– ಹೊಸ ತಾಯಿ

ಉತ್ತರ: ಬೋಳಾಗುವುದಿಲ್ಲ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಯಾವ ಕಾಯಿಲೆ ಇಲ್ಲದವರಿಗೂ ದಿನಕ್ಕೆ 50ರಿಂದ 100 ಉದುರುತ್ತವೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ಸುಮ್ನೆ ಕೂತು, ಆಮೇಲೆ ಬೀಳುತ್ತದೆ. ಬಸುರಿಯಾಗಿದ್ದಾಗ ಹಾರ್ಮೋನಿನಿಂದಾಗಿ ಉದುರಬೇಕಾದ ಎಷ್ಟೋ ಕೂದಲು ಉದುರದೆ ನಿಂತಿರುತ್ತವೆ. ಆಗ ಎಲ್ಲರೂ ‘ಎಷ್ಟು ದಟ್ಟವಾಗಿದೆ’ ಅಂದಿರುತ್ತಾರೆ, ಅಲ್ವಾ? ಹೆರಿಗೆಯಾದ ಮೇಲೆ ಆ ಬಾಕಿಯೆಲ್ಲ ಒಟ್ಟಿಗೆ ತೀರುತ್ತದೆ. ಮೂರು ನಾಲ್ಕು ತಿಂಗಳಿನಲ್ಲಿ ಜೋರು, ಮಗುವಿಗೆ ಒಂದು ವರ್ಷ ಆಗುವ ಹೊತ್ತಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಣೆಯ ಅಂಚಿನಲ್ಲಿ ಚಿಕ್ಕ ಚಿಕ್ಕ ಕೂದಲು ನೆಟ್ಟಗೆ ನಿಂತು ಕಿರಿಕಿರಿ ಮಾಡುತ್ತವೆ. ಅವುಗಳನ್ನು ಕಂಡರೆ ಖುಷಿಪಡಿ, ಹೊಸ ಬೆಳೆ ಅದು.

ಒಂದು ವರ್ಷ ಕಳೆದರೂ ನಿಲ್ಲದಿದ್ದರೆ, ದುಡ್ಡಿನಗಲ ಬೋಳು ಕಂಡರೆ, ಅಥವಾ ತುಂಬ ಸುಸ್ತು ಇದ್ದರೆ ವೈದ್ಯರಿಗೆ ತೋರಿಸಿ. ರಕ್ತದಲ್ಲಿ ಕಬ್ಬಿಣ, ಥೈರಾಯಿಡ್ ನೋಡಿಸುತ್ತಾರೆ. ಇಲ್ಲಿ ನನ್ನ ಹಳೆಯ ಕೆಲಸದ ಒಂದು ಮಾತು. ಕೂದಲಿನ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಬಯೋಟಿನ್ ಅನ್ನುವ ವಿಟಮಿನ್ ಇರುತ್ತದೆ, ಅದೂ ದೇಹಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಕೆಲವು ರಕ್ತ ಪರೀಕ್ಷೆಗಳ ವಿಧಾನದಲ್ಲೇ ಬಯೋಟಿನ್ ಬಳಸುತ್ತಾರೆ. ಹಾಗಾಗಿ ನಿಮ್ಮ ರಕ್ತದಲ್ಲಿ ಅದು ತುಂಬಿದ್ದರೆ ಥೈರಾಯಿಡ್ ಫಲಿತಾಂಶ ತಪ್ಪು ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಆ ಪಟ್ಟಿಯಲ್ಲಿತ್ತು. ರಕ್ತ ಕೊಡುವಾಗ ‘ಯಾವ ಮಾತ್ರೆ ತಗೊಳ್ತಿದ್ದೀರಿ’ ಅಂತ ಕೇಳಿದರೆ ‘ಏನೂ ಇಲ್ಲ, ಬರೀ ಕೂದಲಿಗೆ ಒಂದು’ ಅನ್ನುವವರು ಎಷ್ಟು ಜನ! ಆ ‘ಬರೀ’ಯನ್ನೂ ಹೇಳಿ. ಮಗುವಿಗೆ ಹಾಲು ಕೊಡುತ್ತಿರುವಾಗ ವೈದ್ಯರನ್ನು ಕೇಳದೆ ಏನನ್ನೂ ನುಂಗಬೇಡಿ.

ಪ್ರಶ್ನೆ: ಹೆಂಡತಿಗೆ ಬೆಳಗಿನ ಪಾಳಿ, ಐದಕ್ಕೇ ಹೊರಡುತ್ತಾಳೆ. ಏಳು ವರ್ಷದ ಮಗಳಿಗೆ ಜಡೆ ಹಾಕುವುದು ನನ್ನ ಪಾಲಿಗೆ ಬಂದಿದೆ. ಬಾಚಿದರೆ ಅಳುತ್ತಾಳೆ. ಹಾಕಿದ ಜಡೆ ಶಾಲೆ ಸೇರುವ ಮೊದಲೇ ಬಿಚ್ಚಿಹೋಗುತ್ತದೆ. ನಗಬೇಡಿ ಮೇಡಂ.
– ಒಬ್ಬ ಅಪ್ಪ

ಉತ್ತರ: ನಗುತ್ತಿಲ್ಲ. ಈ ತಿಂಗಳ ಪತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಅಳುವುದು ಯಾಕೆ ಗೊತ್ತಾ? ನೀವು ನೆತ್ತಿಯಿಂದ ಕೆಳಕ್ಕೆ ಎಳೆಯುತ್ತಿದ್ದೀರಿ. ಹಾಗೆ ಮಾಡಿದರೆ ದಾರಿಯಲ್ಲಿರುವ ಸಿಕ್ಕೆಲ್ಲ ಕೆಳಗೆ ಹೋಗಿ ಒಂದೇ ಗಂಟಾಗುತ್ತದೆ. ತುದಿಯಿಂದ ಶುರು ಮಾಡಿ. ಕೊನೆಯ ನಾಲ್ಕು ಬೆರಳಗಲ ಬಾಚಿ, ಅದು ಸಲೀಸಾದ ಮೇಲೆ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ. ಬಾಚುವ ಜಾಗಕ್ಕಿಂತ ಮೇಲೆ ಎಡಗೈಯಲ್ಲಿ ಕೂದಲನ್ನು ಮುಷ್ಟಿ ಹಿಡಿದಿರಿ. ಎಳೆತ ನಿಮ್ಮ ಮುಷ್ಟಿಗೆ ಬರುತ್ತದೆ, ಮಗುವಿನ ನೆತ್ತಿಗೆ ಹೋಗುವುದಿಲ್ಲ. ಇದಿಷ್ಟರಲ್ಲೇ ಮುಕ್ಕಾಲು ಅಳು ನಿಲ್ಲುತ್ತದೆ.

ಹೆಣಿಗೆ ಕಲಿಯಲು ಮೂರು ಹಗ್ಗದ ತುಂಡು ತಗೊಂಡು ಕುರ್ಚಿಯ ಬೆನ್ನಿಗೆ ಕಟ್ಟಿ. ಬಲಗಡೆಯದು ನಡುವೆ, ಎಡಗಡೆಯದು ನಡುವೆ, ಅಷ್ಟೇ ಅದರ ಗುಟ್ಟು. ಮಗಳು ಮಲಗಿದ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿ. ಜಡೆ ಬಿಚ್ಚಿಹೋಗುವುದು ಬರೀ ಬಿಗಿ ಸಾಲದೆ ಅಲ್ಲ, ಮೂರು ಎಳೆಗಳ ದಪ್ಪ ಒಂದೇ ಸಮ ಇಲ್ಲದೆಯೂ. ಹಾಗಂತ ಕಣ್ಣು ಮೇಲಕ್ಕೆ ಏಳುವಷ್ಟು ಬಿಗಿಯಬೇಡಿ. ದಿನಾ ಬಿಗಿದು ಕಟ್ಟಿದರೆ ಹಣೆಯ ಅಂಚು, ಕಿವಿಯ ಮೇಲಿನ ಕೂದಲು ಬುಡದಿಂದಲೇ ತೆಳುವಾಗುತ್ತದೆ. ವರ್ಷಗಟ್ಟಲೆ ಹಾಗೇ ಮಾಡಿದರೆ ಆ ಜಾಗದಲ್ಲಿ ಮತ್ತೆ ಬೆಳೆಯದೆಯೂ ಇರಬಹುದು. ಮಗು ‘ನೋವು’ ಅಂದರೆ ಬಿಚ್ಚಿ ಇನ್ನೊಂದು ಸಲ ಹಾಕಿ.

ಮತ್ತೆ, ರಾತ್ರಿಯೇ ಸಿಕ್ಕು ಬಿಡಿಸಿ ಸಡಿಲ ಜಡೆ ಹಾಕಿ ಮಲಗಿಸಿದರೆ ಬೆಳಿಗ್ಗೆ ನಿಮ್ಮ ಕೆಲಸ ಐದೇ ನಿಮಿಷ. ರಾತ್ರಿ ನಿಮ್ಮ ಹೆಂಡತಿಯೂ ಮನೆಯಲ್ಲಿರುತ್ತಾರಲ್ಲ, ಆದರೆ ದಯವಿಟ್ಟು ಈ ಕೆಲಸವನ್ನು ಅವರಿಗೆ ವಾಪಸ್ ಕೊಡಬೇಡಿ.

ಪ್ರಶ್ನೆ: ತಿಂಗಳಿಗೊಮ್ಮೆ ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದಾ?

ಉತ್ತರ: ಇಲ್ಲ. ಬೆಳೆಯುವುದು ಬುಡ. ತುದಿಯಲ್ಲಿ ಏನಾಯಿತು ಅಂತ ಬುಡಕ್ಕೆ ಗೊತ್ತೇ ಆಗುವುದಿಲ್ಲ. ಸೀಳಿದ ತುದಿ ತೆಗೆದರೆ ಸೀಳು ಮೇಲಕ್ಕೆ ಹತ್ತುವುದು ನಿಲ್ಲುತ್ತದೆ, ಆ ಲಾಭ ಇದೆ. ತಿಂಗಳಿಗೊಮ್ಮೆ ಒಂದೂಕಾಲು ಸೆಂಟಿಮೀಟರ್ ಕತ್ತರಿಸಿದರೆ ಬೆಳೆದದ್ದಕ್ಕೂ ಕತ್ತರಿಸಿದ್ದಕ್ಕೂ ಸರಿಹೋಯಿತು. ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು.

ಪ್ರಶ್ನೆ: ಯಂತ್ರಗಳ ನಡುವೆ ಕೆಲಸ. ಜಡೆ ಬೆನ್ನಿಗೆ ಬಿಟ್ಟುಕೊಂಡರೆ ಸೂಪರ್‌ವೈಸರ್ ಬೈಯುತ್ತಾರೆ. ಬಿಚ್ಚುಗೂದಲಲ್ಲ, ಜಡೆ ಹಾಕಿದರೂ ಯಾಕೆ?

ಉತ್ತರ: ಸೂಪರ್‌ವೈಸರ್ ಹೇಳಿದ್ದು ಸರಿ. ತಿರುಗುವ ಭಾಗಕ್ಕೆ ಜಡೆ ಸಿಕ್ಕಿದರೆ ಅದು ಹಗ್ಗ ಇದ್ದ ಹಾಗೆ. ಕೈ ಹಾಕಿ ಬಿಡಿಸಿಕೊಳ್ಳುವಷ್ಟು ಸಮಯವೇ ಸಿಗುವುದಿಲ್ಲ. ಜಡೆಯನ್ನು ಸುತ್ತಿ ತುರುಬು ಮಾಡಿ, ಮೇಲೆ ಟೋಪಿ ಹಾಕಿ. ಇದರಲ್ಲಿ ಚೌಕಾಸಿ ಇಲ್ಲ. ಒಣಗಿದ ಕೂದಲನ್ನು ಮಾತ್ರ ಸುತ್ತಿ, ಮೇಲೆ ಹೇಳಿದ್ದು ನೆನಪಿದೆಯಲ್ಲ.

ಪ್ರಶ್ನೆ: ಬೇಗ ಎದ್ದರೆ ಎಲ್ಲ ಸರಿಹೋಗುತ್ತದೆ ಅಂತ ಹಿಂದೊಮ್ಮೆ ಬರೆದಿದ್ದಿರಿ. ಮೂರು ತಿಂಗಳು ನಾಲ್ಕೂವರೆಗೆ ಎದ್ದೆ. ದಿನವಿಡೀ ಮಂಪರು, ಮಕ್ಕಳ ಮೇಲೆ ರೇಗಾಟ. ನಿಮ್ಮ ಸಲಹೆ ನನಗೆ ಆಗಿಬರಲಿಲ್ಲ.

ಉತ್ತರ: ತಪ್ಪು ನನ್ನದು, ಒಪ್ಪಿಕೊಂಡೆ. ನಾನು ಹುಟ್ಟಾ ಬೆಳಗಿನ ಜೀವ. ಅಲಾರಂಗಿಂತ ಮುಂಚೆ ಕಣ್ಣು ಬಿಡುತ್ತೇನೆ. ಎಲ್ಲರ ದೇಹದ ಗಡಿಯಾರ ಒಂದೇ ಅಲ್ಲ. ಹತ್ತು ಗಂಟೆಗೆ ನಿದ್ದೆಯೇ ಹತ್ತದವರು ನಾಲ್ಕೂವರೆಗೆ ಎದ್ದರೆ ಬೇರೆ ಏನೂ ಸಿಗುವುದಿಲ್ಲ, ನಿದ್ದೆ ಕಳೆದುಕೊಳ್ಳುತ್ತಾರೆ ಅಷ್ಟೇ. ಆ ಸಲಹೆ ವಾಪಸ್ ತೆಗೆದುಕೊಂಡಿದ್ದೇನೆ. ಬೆಳಿಗ್ಗೆ ಮಾಡಲೇಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಹಿಂದಿನ ರಾತ್ರಿಗೆ ಹಾಕಿ, ನಿಮಗೆ ಸಾಧ್ಯವಾದಷ್ಟು ತಡವಾಗಿ ಏಳಿ. ಎದ್ದ ಮೊದಲ ಕಾಲು ಗಂಟೆ, ಅರ್ಧ ಗಂಟೆ ಎಲ್ಲರಿಗೂ ಸ್ವಲ್ಪ ಮಂಕು ಇರುತ್ತದೆ. ಆ ಹೊತ್ತಿನಲ್ಲಿ ಮಕ್ಕಳ ಜೊತೆ ವಾದಕ್ಕೆ ಇಳಿಯಬೇಡಿ.

ಪ್ರಶ್ನೆ: ನಿಮ್ಮ ಫೋಟೋ ಹಾಕುವುದಿಲ್ಲವಲ್ಲ, ಅದಕ್ಕೆ ಕೇಳುತ್ತಿದ್ದೇನೆ. ನಿಮ್ಮ ಜಡೆ ಈಗ ಎಷ್ಟು ಉದ್ದ?
– ಬರೀ ಕುತೂಹಲ

ಉತ್ತರ: ಈಗ ಭುಜದವರೆಗೆ. ಮೊದಲ ಪತ್ರದವರು ಇದನ್ನು ಓದಿ ತೀರ್ಪು ಅಂದುಕೊಳ್ಳಬಾರದು ಅಂತಲೇ ಕೊನೆಗೆ ಇಟ್ಟಿದ್ದೇನೆ. 51ನೇ ವಯಸ್ಸಿನಲ್ಲಿ ಬಲಭುಜ ಹಿಡಿದುಕೊಂಡಿತು. ಕೈ ತಲೆಯ ಹಿಂದೆ ಹೋಗುತ್ತಿರಲಿಲ್ಲ. ಎಂಟು ತಿಂಗಳು ಮನೆಯವರೇ ಜಡೆ ಹಾಕಿದರು, ಸಾಕ್ಸಿಗಿಂತ ಚೆನ್ನಾಗಿಯೇ ಹಾಕಿದರು. ಕೊನೆಗೆ ನನಗೇ ಸಾಕೆನ್ನಿಸಿತು, ಕತ್ತರಿಸಿಕೊಂಡೆ.

ಕ್ಯಾನ್ಸರ್ ರೋಗಿಗಳ ವಿಗ್‌ಗೆ ಕೊಡಬೇಕು ಅಂತ ಆಸೆ ಇತ್ತು. ಪಾರ್ಲರಿನಲ್ಲಿ ಮೊದಲು ತಲೆ ತೊಳೆದರು, ಆಮೇಲೆ ಕತ್ತರಿಸಿದರು. ಆ ಉದ್ದನೆಯ ಜಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೈಗೆ ಕೊಟ್ಟರು. ನಾನೂ ಯೋಚಿಸದೆ ತಂದು ಬೀರುವಿನಲ್ಲಿ ಇಟ್ಟೆ. ಕೊಡುವವರು ಒಣಗಿದ ಕೂದಲನ್ನೇ, ಎರಡೂ ತುದಿಗೆ ಬ್ಯಾಂಡ್ ಹಾಕಿ ಕೊಡಬೇಕು ಅಂತ ಆಮೇಲೆ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಓಡಿ ಹೋಗಿ ಬೀರು ತೆಗೆದೆ. ನಾಲ್ಕು ದಿನ ಆಗಿತ್ತು. ಕವರ್ ಬಿಚ್ಚುವುದೇ ಬೇಕಾಗಲಿಲ್ಲ. ಟೋಪಿಯೊಳಗಿನ ಅದೇ ಮುಗ್ಗಲು ವಾಸನೆ.